ವೈನ್ ಬಸ್ಸಿನ ದಿನವೇ ಬಂದ ತಿಥಿ

ಬಸ್ಸಿನ ಮೆಟ್ಟಿಲು ಹತ್ತಲು ಮೊಣಕಾಲು ತಕರಾರು ತೆಗೆದ ಮೇಲೆ ನಾನು ಈ ಕೆಲಸ ಬಿಟ್ಟೆ. ಈಗ ನನ್ನ ಜಾಗಕ್ಕೆ ಇಬ್ಬರು ಬಂದಿದ್ದಾರೆ. ಒಬ್ಬಳು ಆಸ್ಟಿನ್‌ನಲ್ಲಿ ಓದು ಈಗಷ್ಟೇ ಮುಗಿಸಿದ ಹುಡುಗಿ. ಇನ್ನೊಬ್ಬಳು ಡಲ್ಲಾಸ್ ಹತ್ತಿರದ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳು ಸ್ಕೂಲಿಗೆ ಹೋದ ಮೇಲೆ ಹೊತ್ತು ಹೋಗದೆ ಕೆಲಸಕ್ಕೆ ಸೇರಿದವಳು. ಇಬ್ಬರೂ ಆಗಾಗ ಫೋನ್ ಮಾಡಿ, ಆಂಟಿ ಅದು ಹೇಗೆ, ಇದು ಹೇಗೆ ಎಂದು ಕೇಳುತ್ತಾರೆ. ಒಲೆಯ ಮೇಲೆ ಸಾರು ಇಟ್ಟುಕೊಂಡು ಫೋನಿನಲ್ಲಿ ಹೇಳಿದ್ದು ಅರ್ಧಂಬರ್ಧವಾಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕೆಲಸವನ್ನು ಹೇಳುವುದು ಸುಲಭ. ಬೇಸಿಗೆಯಲ್ಲಿ ಟೆಕ್ಸಾಸಿನ ಮಕ್ಕಳ ಮನೆಗೆಂದು ಮೈಸೂರಿನಿಂದ, ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ಬಂದಿರುವ ತಂದೆ ತಾಯಂದಿರನ್ನು ಒಂದು ದಿನ ಬಸ್ಸಿನಲ್ಲಿ ಸುತ್ತಾಡಿಸಿ, ಕರೆದೊಯ್ದಷ್ಟೇ ಜನರನ್ನು ರಾತ್ರಿ ಊಟದ ಹೊತ್ತಿಗೆ ಮನೆ ಮುಟ್ಟಿಸುವುದು. ನಮ್ಮ ಟೂರುಗಳಲ್ಲಿ ಹೆಚ್ಚು ನಡೆಯುತ್ತಿದ್ದದ್ದು ಆಸ್ಟಿನ್ ದಾಟಿದ ಮೇಲೆ ಬರುವ ಗುಡ್ಡಗಾಡಿನ ಜರ್ಮನ್ ಸೀಮೆಗೆ. ಎಷ್ಟೋ ತಲೆಮಾರುಗಳ ಹಿಂದೆ ಜರ್ಮನಿಯಿಂದ ಬಂದವರು ಅಲ್ಲಿ ನೆಲೆನಿಂತು ಕಲ್ಲಿನ ಮನೆ, ಚೂಪು ಗೋಪುರದ ಚರ್ಚು, ಬೇಕರಿ ಎಲ್ಲ ಕಟ್ಟಿಕೊಂಡಿದ್ದಾರೆ. ಈಗ ಆ ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳು, ಒಂದೊಂದು ತೋಟಕ್ಕೂ ಒಂದೊಂದು ವೈನ್ ರುಚಿ ನೋಡುವ ಮನೆ. ಕುಡಿಯದವರಿಗೆ ವೈನ್ ಟೂರು ಯಾಕೆ ಎಂದು ನೀವು ಕೇಳಬಹುದು. ಬುಕ್ ಮಾಡುವವರು ಮಕ್ಕಳು. ಅವರಿಗೆ ಫೋಟೋದಲ್ಲಿ ಕಂಡದ್ದು ಹಸಿರು ಸಾಲು, ನೀಲಿ ಆಕಾಶ. ಹಿರಿಯರೂ ಬೇಸರಪಡುತ್ತಿರಲಿಲ್ಲ. ಜರ್ಮನಿಯನ್ನೂ ನೋಡಿದ ಹಾಗಾಯಿತು ಎಂದು ಊರಿಗೆ ಫೋನ್ ಮಾಡಿ ಹೇಳಿದವರನ್ನು ನಾನೇ ಬಲ್ಲೆ.

ಹ್ಯೂಸ್ಟನ್‌ನ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂಬ ನಮ್ಮವರ ಅಂಗಡಿ ಬೀದಿಯಲ್ಲಿ ಒಂದು ಸೀರೆ ಅಂಗಡಿಯ ಹಿಂಬದಿಯ ಕೋಣೆಯೇ ನಮ್ಮ ಆಫೀಸು. ಮಾಲೀಕರು ನರೇನ್‌ಭಾಯ್. ನಾನು ಅವರ ಕಣ್ಣಿಗೆ ಬಿದ್ದದ್ದು ಪಕ್ಕದ ದಿನಸಿ ಅಂಗಡಿಯಲ್ಲಿ. ಕರಿಬೇವಿನ ಪೊಟ್ಟಣ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಮುಂದಿದ್ದ ಹಿರಿಯರೊಬ್ಬರಿಗೂ ಕೌಂಟರಿನ ಹುಡುಗಿಗೂ ಮಾತು ಹೊಂದದೆ ಗೊಂದಲವಾಯಿತು, ನಾನು ಮೆಲ್ಲಗೆ ನಡುವೆ ನಿಂತು ಬಿಡಿಸಿದೆ. ನರೇನ್‌ಭಾಯ್ ಅಲ್ಲೇ ಹಿಂದಿಯಲ್ಲಿ ಕೇಳಿಬಿಟ್ಟರು, ಬಸ್ಸಿನಲ್ಲಿ ಕೂರುತ್ತೀರಾ ಎಂದು. ಮನೆಗೆ ಬಂದು ಹೇಳಿದರೆ ನಮ್ಮೆಜಮಾನರು ನಕ್ಕರು. ಪಕ್ಕದ ರೂಮಿನಿಂದ ಕರೆದರೆ ನನಗೇ ಕೇಳಿಸೋದಿಲ್ಲ, ನೀನು ಬಸ್ಸು ನಡೆಸ್ತೀಯಾ ಎಂದರು. ಆದರೆ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಂದು ಮಾತು ಹೇಳುತ್ತಿದ್ದರು: ಗದ್ದಲವಾದಾಗ ನಿನ್ನ ದನಿ ಇಳಿಸು, ಕೇಳಿಸಿಕೊಳ್ಳಲು ಅವರೂ ಇಳಿಸುತ್ತಾರೆ. ಬಸ್ಸಿನಲ್ಲಿ ನನ್ನನ್ನು ಕಾಪಾಡಿದ್ದು ಅದೇ.

ನರೇನ್‌ಭಾಯ್ ಒಳ್ಳೆಯವರು, ಆದರೆ ಎರಡು ವಿಷಯದಲ್ಲಿ ಬಿಗಿ. ಬಸ್ಸು ಹಿಂದಕ್ಕೆ ತಿರುಗಕೂಡದು. ಒಬ್ಬರ ಮನೆ ಮಾತನ್ನು ಮೈಕಿನಲ್ಲಿ ಆಡಕೂಡದು. "ಮೈಕ್ ಮೇಲೆ ರಸ್ತೆ ಮಾತ್ರ, ಶೈಲಾಜೀ" ಎನ್ನುತ್ತಿದ್ದರು. ಎರಡೂ ಸರಿಯಾದ ನಿಯಮಗಳೇ. ನೀವೂ ಪಾಲಿಸಿ.

ಇನ್ನು ನಾನು ಎಡವಿ ಕಲಿತದ್ದು. ನಮ್ಮ ಸೀಟು ಡ್ರೈವರ್ ಪಕ್ಕದ ಮಡಚುವ ಸೀಟು. ಜನರ ಕಡೆ ಮುಖ ಮಾಡಿ ನಿಂತು ಮಾತಾಡುವಾಗ ನಮ್ಮ ಬಲ ಅವರ ಎಡ. ಶುರುವಿನಲ್ಲಿ ನಾನು ನನ್ನ ಬಲವನ್ನೇ ಬಲ ಎನ್ನುತ್ತಿದ್ದೆ. ಒಂದು ಸಲ ಬಲಗಡೆ ಪೀಚ್ ತೋಟ ನೋಡಿ ಎಂದರೆ ಇಡೀ ಬಸ್ಸು ತಿರುಗಿ ಒಂದು ಟೈರ್ ಅಂಗಡಿಯನ್ನು ಬಹಳ ಗೌರವದಿಂದ ನೋಡಿತು. ಆಮೇಲೆ ಎಡಗೈಗೆ ಒಂದು ಬಳೆ ಹೆಚ್ಚು ಹಾಕಿಕೊಳ್ಳಲು ಶುರುಮಾಡಿದೆ, ಅದೇ ಅವರ ಬಲ ಎಂಬ ನೆನಪಿಗೆ.

ಜರ್ಮನ್ ಊಟದ ಮನೆಗಳಲ್ಲಿ ಆಲೂಗಡ್ಡೆ ಸಲಾಡ್‌ನಲ್ಲಿ ಮಾಂಸ ಇದೆಯಾ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಸುಳ್ಳಲ್ಲ, ಅವರ ಲೆಕ್ಕದಲ್ಲಿ ಬೇಕನ್ ಎಂಬ ಹಂದಿ ಚೂರು ಮಾಂಸವಲ್ಲ, ಒಗ್ಗರಣೆ. ಹಾಗಾಗಿ ಬೇಕನ್ ಇದೆಯಾ, ಹಂದಿ ಕೊಬ್ಬಿನಲ್ಲಿ ಹುರಿದಿದ್ದೀರಾ, ಬೇಯಿಸಿದ ನೀರು ಯಾವುದು ಎಂದು ಬಿಡಿಬಿಡಿಯಾಗಿ ಕೇಳಬೇಕು. ನಗುತ್ತಾ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮತ್ತೆ ಎಂಜಲಿನ ವಿಷಯ. ರುಚಿ ನೋಡುವ ಕಟ್ಟೆಯ ಮೇಲೆ ಒಂದು ಪಾತ್ರೆ ಇಟ್ಟಿರುತ್ತಾರೆ, ಬಾಯಿಗೆ ಹಾಕಿಕೊಂಡದ್ದನ್ನು ಬೇಕಾದರೆ ಅದಕ್ಕೆ ಉಗುಳಬಹುದು. ನಮ್ಮವರಿಗೆ ವೈನಿಗಿಂತ ದೊಡ್ಡ ಆಘಾತ ಅದು. ಆ ಪಾತ್ರೆಯನ್ನು ಮೊದಲೇ ಕಟ್ಟೆಯ ಕೆಳಗೆ ಇಡಲು ಹೇಳಿಬಿಡಿ. ಕುಡಿಯಲು ಮನಸ್ಸಿದ್ದ ಕೆಲವರು ಗ್ಲಾಸನ್ನು ತುಟಿಗೆ ತಾಗಿಸದೆ ಎತ್ತಿ, ತಲೆ ಹಿಂದಕ್ಕೆ ವಾಲಿಸಿ, ಕೆಂಪು ವೈನನ್ನು ನೇರ ಗಂಟಲಿಗೆ ಸುರಿದುಕೊಂಡದ್ದನ್ನು ನಾನು ನೋಡಿದ್ದೇನೆ. ಅಲ್ಲಿನ ಹುಡುಗರು ಬಾಯಿಬಿಟ್ಟು ನೋಡುತ್ತಿದ್ದರು. ಬಿಳಿ ಅಂಗಿ ಹಾಕಿದವರಿಗೆ ಮಾತ್ರ ಮುಂಚೆಯೇ ಒಂದು ಮಾತು ಹೇಳಿ.

ನಾನು ಸೇರಿದಾಗ ಹೆಸರಿನ ಚೀಟಿಯನ್ನು ಸೀರೆಗೆ ಪಿನ್ ಮಾಡುತ್ತಿದ್ದೆವು. ನಾನು ಬಿಡುವ ಹೊತ್ತಿಗೆ ಎಲ್ಲಕ್ಕೂ ವಾಟ್ಸಾಪ್ ಗುಂಪು. ಅಪ್ಪನಿಗೆ ಮಾತ್ರೆ ನೆನಪಿಸಿ, ಅಮ್ಮನ ಫೋನ್ ಸಿಗುತ್ತಿಲ್ಲ ಎಂದು ಮಕ್ಕಳು ತಮ್ಮ ತಮ್ಮ ಮೀಟಿಂಗಿನಿಂದಲೇ ಬರೆಯುತ್ತಾರೆ. ಒಳ್ಳೆಯದೇ. ಆದರೆ ಫೋನ್ ನೋಡುತ್ತಾ ಕೂತರೆ ಎದುರಿಗೆ ಕೂತವರ ಮುಖ ತಪ್ಪಿಹೋಗುತ್ತದೆ. ಕಮಲಮ್ಮನವರ ವಿಷಯ ಹೇಳಬೇಕಾಗಿರುವುದು ಅದಕ್ಕೇ.

ಅದು ದ್ರಾಕ್ಷಿ ಕೊಯ್ಲಿನ ಸಮಯ, ಸುಡು ಬಿಸಿಲು. ಕಮಲಮ್ಮ ಮೈಸೂರಿನವರು, ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿ ಮಗ ಪ್ರಸನ್ನನ ಮನೆಗೆ ಬಂದಿದ್ದರು. ಬೆಳಿಗ್ಗೆ ಬಸ್ಸು ಸೈಪ್ರೆಸ್‌ನಲ್ಲಿ ನಿಂತಾಗ ಸೊಸೆ ಬಂದು ಬಿಟ್ಟುಹೋದಳು. ಸ್ನಾನ ಮುಗಿಸಿ ಹಾಗೇ ಬಂದಿದ್ದರು, ಹಣೆಯ ಬಳಿ ಕೂದಲು ಇನ್ನೂ ಒದ್ದೆ. ಇಸ್ತ್ರಿ ಮಾಡಿದ ತಿಳಿ ಬೂದು ಸೀರೆ, ಕೈಯಲ್ಲಿ ಮಡಚಿದ ಕರ್ಚೀಫು. ಹುಬ್ಬಳ್ಳಿಯ ಗಂಗಕ್ಕನ ಪಕ್ಕ ಕೂರಿಸಿದೆ. ಗಂಗಕ್ಕ ಯಾರ ಜೊತೆಗಾದರೂ ಹೊಂದಿಕೊಳ್ಳುವ ಹೆಂಗಸು. ಕಾಲ ಬಳಿ ಇಟ್ಟ ಚೀಲದಲ್ಲಿ ಶೇಂಗಾ ಹೋಳಿಗೆ, ಬೆಲ್ಲ, ಚಟ್ನಿಪುಡಿ ಎಲ್ಲ ಇರುತ್ತಿತ್ತು. ಇವರ ಹಿಂದಿನ ಸೀಟಿನಲ್ಲಿ ಶ್ರೀಪತಿ ರಾಯರು. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ಲೂಯಿಸ್‌ವಿಲ್‌ನ ಮಗಳ ಮನೆಯಿಂದ ಹ್ಯೂಸ್ಟನ್ನಿನ ನೆಂಟರಲ್ಲಿಗೆ ಬಂದಿದ್ದರು. ಮುಂದಿನ ಟಾಯ್ಲೆಟ್ ಎಷ್ಟು ದೂರ ಎಂದು ಕೇಳುವುದು, ನಾನು ಹೇಳಿದ್ದನ್ನು ಫೋನಿನಲ್ಲಿ ಪರೀಕ್ಷಿಸುವುದು ಅವರ ಹವ್ಯಾಸ.

ಮೊದಲ ನಿಲ್ದಾಣ ಒಂದು ದೊಡ್ಡ ಪೆಟ್ರೋಲ್ ಬಂಕು. ಎಲ್ಲರೂ ಇಳಿದು ಬಂದ ಮೇಲೆ ನಾನು ಫ್ಲಾಸ್ಕಿನಿಂದ ಕಾಫಿ ಹಂಚುತ್ತಿದ್ದೆ. ಕಮಲಮ್ಮ ಲೋಟ ಕೈಗೆ ತೆಗೆದುಕೊಂಡರು, ಇನ್ನೂ ಬಾಯಿಗಿಟ್ಟಿರಲಿಲ್ಲ, ಫೋನ್ ಬಂತು. ಕಿವಿಗಿಟ್ಟುಕೊಂಡರೆ ಕೇಳಿಸುವುದಿಲ್ಲವೆಂದು ಅವರು ಯಾವಾಗಲೂ ಸ್ಪೀಕರ್ ಹಾಕುವವರು. ಹಾಗಾಗಿ ಅಲ್ಲೇ ನಿಂತಿದ್ದ ನನಗೂ ಎಲ್ಲ ಕೇಳಿಸಿತು.

"ಅಮ್ಮಾ, ಶಾಸ್ತ್ರಿಗಳು ಫೋನ್ ಮಾಡಿದ್ರು. ಇಲ್ಲಿನ ಲೆಕ್ಕದಲ್ಲಿ ಅಪ್ಪನ ತಿಥಿ ಇವತ್ತಂತೆ, ನಾಳೆ ಅಲ್ಲವಂತೆ. ನಾನು ಡಲ್ಲಾಸ್‌ನಲ್ಲಿ ಕ್ಲೈಂಟ್ ಆಫೀಸಲ್ಲಿದೀನಿ, ಎದ್ದು ಬರೋಕಾಗಲ್ಲ. ರಜ ಹಾಕಿರೋದು ನಾಳೆಗೆ. ನಾಳೇನೇ ಮಾಡೋಣ, ಇಟ್ಸ್ ಓಕೆ. ಊರಲ್ಲಿ ಹೇಗೂ ನಾಳೇನೇ ಅಲ್ವಾ. ನೀನು ಟೂರ್ ಎಂಜಾಯ್ ಮಾಡು."

"ಸರಿ ಕಣೋ" ಎಂದರು ಕಮಲಮ್ಮ. ಫೋನ್ ಇಟ್ಟರು. ಕಾಫಿ ಲೋಟವನ್ನು ನನ್ನ ಕೈಗೆ ವಾಪಸು ಕೊಟ್ಟರು, ಹಾಗೇ ತುಂಬಿದ್ದದ್ದು. ಈಗ ಬೇಡ ಎಂದರು, ನಕ್ಕೇ ಅಂದರು.

ಈ ದೇಶಕ್ಕೆ ಬಂದ ನಮ್ಮ ಮನೆಗಳಲ್ಲಿ ಮಾತ್ರ ಆಗುವ ತಪ್ಪು ಇದು. ಊರಿನಿಂದ ಬರುವಾಗ ಹಪ್ಪಳ ಸಂಡಿಗೆಯ ಜೊತೆ ಗೋಡೆಯ ಕ್ಯಾಲೆಂಡರನ್ನೂ ಸುತ್ತಿ ತರುತ್ತೇವೆ. ಅಡುಗೆಮನೆಯಲ್ಲಿ ತೂಗುಹಾಕುತ್ತೇವೆ. ಹಬ್ಬಕ್ಕೆ, ಹುಣ್ಣಿಮೆಗೆ ಅದನ್ನೇ ನೋಡುತ್ತೇವೆ. ಅದನ್ನು ಬರೆದದ್ದು ಬೆಂಗಳೂರಿನ ಸೂರ್ಯನಿಗೆ. ಚಂದ್ರನ ಲೆಕ್ಕ ಎಲ್ಲ ಕಡೆ ಒಂದೇ, ಆದರೆ ಅಲ್ಲಿ ರಾತ್ರಿಯಾಗುವಾಗ ಇಲ್ಲಿ ಬೆಳಗು. ಹಾಗಾಗಿ ಕೆಲವು ಸಲ ಅಲ್ಲಿ ನಾಳೆ ಬೀಳುವ ತಿಥಿ ಇಲ್ಲಿ ಇವತ್ತೇ ಬಂದು ನಿಂತಿರುತ್ತದೆ. ಪ್ರಸನ್ನ ಅಮ್ಮನ ಕ್ಯಾಲೆಂಡರ್ ನೋಡಿ ರಜ ಹಾಕಿದ್ದ. ಪುರೋಹಿತರು ನಾಳೆಗೆ ಬೇಕಾದ ಸಾಮಾನು ಹೇಳಲೆಂದು ಪಂಚಾಂಗ ತೆರೆದಾಗ ಗೊತ್ತಾದದ್ದು.

ಬಸ್ಸು ಹೊರಟಿತು. ನಾನು ಬಲಗಡೆ ಎಡಗಡೆ ಹೇಳುತ್ತಿದ್ದೆ. ಎಲ್ಲರೂ ತಿರುಗುತ್ತಿದ್ದರು, ಕಮಲಮ್ಮ ಮಾತ್ರ ಎದುರಿನ ಸೀಟಿನ ಬೆನ್ನಿಗೆ ಅಂಟಿಸಿದ ಬಟ್ಟೆಯ ಅಂಚನ್ನು ಬೆರಳಿನಿಂದ ನೀವುತ್ತಿದ್ದರು. ಗಂಗಕ್ಕ ಕೊಟ್ಟ ಹೋಳಿಗೆ ಮಡಿಲಿನ ಕರ್ಚೀಫಿನ ಮೇಲೆ ಹಾಗೇ ಇತ್ತು. ನೀರಿನ ಬಾಟಲಿಯ ಮುಚ್ಚಳದ ಸೀಲು ಒಡೆದಿರಲಿಲ್ಲ.

ಆಸ್ಟಿನ್‌ನಲ್ಲಿ ಇನ್ನಷ್ಟು ಜನ ಹತ್ತಿದರು. ಅವರನ್ನು ಕೂರಿಸಿ ನಾನು ಹೋಗಿ ಕಮಲಮ್ಮನ ಸೀಟಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ. ಆಗ ಮೊಣಕಾಲು ಇನ್ನೂ ನನ್ನ ಮಾತು ಕೇಳುತ್ತಿತ್ತು. ಬಸ್ಸು ಹಿಂದಕ್ಕೆ ಹೋಗುತ್ತದಾ ಎಂದು ಅವರೇ ಕೇಳಿದರು. ಇಲ್ಲ ಎಂದೆ. ಹೋದರೂ ಪ್ರಯೋಜನವಿಲ್ಲ ಎಂದೂ ಗೊತ್ತಿತ್ತು. ಮನೆ ಮುಟ್ಟಿ ಅಡುಗೆ ಮಾಡುವಷ್ಟರಲ್ಲಿ ತಿಥಿ ಮಾಡುವ ಮಧ್ಯಾಹ್ನದ ಹೊತ್ತು ಕಳೆದಿರುತ್ತದೆ, ಮಾಡಬೇಕಾದ ಮಗ ಡಲ್ಲಾಸ್‌ನಲ್ಲಿ. ಅವರಿಗೂ ಅದು ಗೊತ್ತಿತ್ತು. ಆಮೇಲೆ ಮೆಲ್ಲಗೆ ಗಂಡನ ವಿಷಯ ಹೇಳಿದರು. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರು. ಓದುವ ಕಾಲದಲ್ಲಿ ವಾರಾನ್ನ ಉಂಡವರು, ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ. ಯಾವ ಮನೆಯ ಸಾರು ಹೇಗಿತ್ತು ಎಂದು ಮುಪ್ಪಿನವರೆಗೂ ಹೇಳುತ್ತಿದ್ದರಂತೆ. ಅವರು ಹೋದ ಮೇಲೆ ಪ್ರತಿ ವರ್ಷ ಆ ದಿನದ ಅಡುಗೆ ಕಮಲಮ್ಮನದೇ. ಅಡುಗೆಯವರನ್ನು ಕರೆಯಲು ಬಿಟ್ಟಿಲ್ಲ.

"ಹೊತ್ತಿಗೆ ಸರಿಯಾಗಿ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿ ನಿಲ್ಲೋದು ಎಷ್ಟು ಕಷ್ಟ ಅಂತ ಹೇಳ್ತಿದ್ರು ಶೈಲಾ. ಇವತ್ತು ನಮ್ಮ ಮನೆ ಬಾಗಿಲಿಗೇ ಬಂದು ನಿಂತಿರ್ತಾರೆ. ನಾನು ನೋಡಿದರೆ ವೈನ್ ಅಂಗಡಿ ಬಸ್ಸಿನಲ್ಲಿ."

ಅಷ್ಟೇ ಅಂದರು. ಅಳಲಿಲ್ಲ. ಯಾರಿಗೂ ಹೇಳಬೇಡಿ ಎಂದರು.

ನಾನು ಹೇಳಲಿಲ್ಲ. ಆದರೆ ಪಕ್ಕದ ಸೀಟಿಗೆ ಕಿವಿ ಇರುವುದನ್ನು ಇಬ್ಬರೂ ಮರೆತಿದ್ದೆವು. ಮುಂದಿನ ನಿಲ್ದಾಣದ ಹೊತ್ತಿಗೆ ಗಂಗಕ್ಕ ರಾಯರನ್ನು ನೆರಳಿಗೆ ಕರೆದು ಕೇಳಿಯೂ ಆಗಿತ್ತು, ಇದಕ್ಕೇನಾದರೂ ದಾರಿ ಇದೆಯಾ ಎಂದು. ರಾಯರು ಫೋನ್ ತೆಗೆದು ಪಂಚಾಂಗ ನೋಡಿ, ಪುರೋಹಿತರು ಹೇಳಿದ್ದು ಸರಿ, ಇವತ್ತೇ, ಎಂದರು. ಆಮೇಲೆ ಎಂದಿನಂತೆ ಪಾಠಕ್ಕೆ ನಿಲ್ಲಲಿಲ್ಲ. ಕನ್ನಡಕ ಒರೆಸಿಕೊಂಡು, ಅಲ್ಲಿಗೆ ಹೋದ ನನಗೂ ಕೇಳುವಂತೆ ಹೇಳಿದರು.

"ಮಗ ನಾಳೆ ಮಾಡೋದು ಮಾಡಲಿ. ಇವತ್ತಿಗೆ ಒಂದು ದಾರಿ ಇದೆ. ಏನೂ ಇಲ್ಲದವರು, ದಾರಿಯಲ್ಲಿ ಸಿಕ್ಕಿಕೊಂಡವರು, ಒಂದು ಹಿಡಿ ಹುಲ್ಲು ಹಸುವಿಗೆ ಕೊಟ್ಟರೂ ಪಿತೃಗಳಿಗೆ ಸಲ್ಲುತ್ತೆ. ಶಾಸ್ತ್ರ ನಾವು ತಿಳಿದಷ್ಟು ಕಟುಕ ಅಲ್ಲ ಕಣಮ್ಮಾ."

"ಟೆಕ್ಸಾಸಿನ್ಯಾಗ ಆಕಳಿಗೇನ್ ಬರ ಐತೇನ್ರೀ" ಎಂದರು ಗಂಗಕ್ಕ. "ನಮ್ಮ ಮನ್ಯಾಗ ಈ ತಿಥಿ ಗಿಥಿ ಇಲ್ರೀ, ನನಗ ಗೊತ್ತಾಗಂಗಿಲ್ಲ. ಆದ್ರ ಆಕಿ ಮುಂಜಾನಿಂದ ಒಂದು ಗುಟುಕು ನೀರ ಕುಡದಿಲ್ಲ. ಅದು ಗೊತ್ತಾಗ್ತದ."

ಮಾತು ನಿಜ. ಬೆಳಿಗ್ಗೆಯಿಂದ ಕಿಟಕಿಯಾಚೆ ಕಂಡದ್ದರಲ್ಲಿ ಅರ್ಧ ಹಸುಗಳೇ. ಆದರೆ ಇಲ್ಲಿ ಹಸು ಬೀದಿಯಲ್ಲಿ ನಿಂತಿರುವುದಿಲ್ಲ. ಮುಳ್ಳುತಂತಿ, ಒಳಗೆ ಬರಬಾರದೆಂಬ ಬೋರ್ಡು. ದಾರಿಯಲ್ಲಿ ಎಲ್ಲೋ ಬಸ್ಸು ನಿಲ್ಲಿಸಿ ಯಾರದೋ ದನಕ್ಕೆ ಏನೋ ತಿನ್ನಿಸಲು ನಮ್ಮ ಡ್ರೈವರ್ ರಾಮಿರೊ ಒಪ್ಪುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ನನಗೆ ನೆನಪಾದದ್ದು ನಮ್ಮ ಮಧ್ಯಾಹ್ನದ ದ್ರಾಕ್ಷಿ ತೋಟ. ಅದರ ಒಡತಿ ಗ್ರೇಟಾ ಎಂಬ ಜರ್ಮನ್ ಮನೆತನದ ವಯಸ್ಸಾದ ಹೆಂಗಸು. ಪಾರ್ಕಿಂಗ್ ಪಕ್ಕದ ಬೇಲಿಯ ಆಚೆ, ಓಕ್ ಮರದ ಕೆಳಗೆ, ಒಂದು ದನ ಮಲಗಿರುವುದನ್ನು ಹೋದಾಗಲೆಲ್ಲ ನೋಡಿದ್ದೆ. ಇಬ್ಬರಿಗೂ ಅದನ್ನು ಹೇಳಿದೆ.

ಊಟದ ಮನೆಯಲ್ಲಿ ಕಮಲಮ್ಮ ತಟ್ಟೆ ತೆಗೆದುಕೊಳ್ಳಲಿಲ್ಲ. ವಿಚಿತ್ರವೆಂದರೆ ರಾಯರೂ ಹಸಿವಿಲ್ಲವೆಂದರು. ಅಷ್ಟರಲ್ಲಿ ಹಿಂದಿನ ಸೀಟಿನವರೆಗೂ ಸುದ್ದಿ ಹೋಗಿತ್ತೆಂದು ನನಗೆ ಗೊತ್ತಾದದ್ದು ಬಸ್ಸು ಮತ್ತೆ ಹೊರಟಾಗ. ಯಾರೋ ಒಬ್ಬರು ಎದ್ದು ಬಂದು ನನ್ನ ಮಡಿಲಿಗೆ ಎರಡು ಬಾಳೆಹಣ್ಣು ಹಾಕಿ ಹೋದರು. ಆಮೇಲೆ ಇನ್ನೊಬ್ಬರು. ಗಂಗಕ್ಕ ಬೆಲ್ಲದ ಅಚ್ಚು ತೆಗೆದು ತಮ್ಮ ಸ್ಟೀಲ್ ಡಬ್ಬಿಯ ಮುಚ್ಚಳ ತೊಳೆದು ಒರೆಸಿದರು. ಕಮಲಮ್ಮನಿಗೆ ರಾಯರೇ ಹಸುವಿನ ವಿಷಯ ಹೇಳಿದರು. ನಾನು ಅವರ ಮುಖ ನೋಡಿದೆ. ಗುಟ್ಟು ಹೊರಬಿದ್ದದ್ದಕ್ಕೆ ಒಂದು ಕ್ಷಣ ಕೆಂಪಾದರು, ಆಮೇಲೆ ಸೆರಗು ಹೊದ್ದು ನೆಟ್ಟಗೆ ಕೂತರು.

ಗ್ರೇಟಾ ಬಾಗಿಲಲ್ಲೇ ನಿಂತಿದ್ದರು. ಒಳಗೆ ಕಟ್ಟೆಯ ಮೇಲೆ ಗ್ಲಾಸುಗಳು ಸಾಲಾಗಿದ್ದವು, ಉಗುಳುವ ಪಾತ್ರೆ ಕೆಳಗಿತ್ತು. ನಾನು ಜನರನ್ನು ಬಸ್ಸಿನಲ್ಲೇ ಕೂರಿಸಿ ಅವರ ಬಳಿ ಹೋದೆ. ಹೇಗೆ ಶುರುಮಾಡುವುದು? ಕಾನ್ವೆಂಟಿನಲ್ಲಿ ಪತ್ರ ಬರೆಯಲು ಕಲಿಸಿದ್ದರು, ಚಹಾ ಬಡಿಸುವಾಗ ಏನು ಹೇಳಬೇಕೆಂದು ಕಲಿಸಿದ್ದರು, ಇದನ್ನು ಯಾರೂ ಕಲಿಸಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಮ್ಮ ಚಂದ್ರನ ಲೆಕ್ಕದಲ್ಲಿ ಆಕೆಯ ಗಂಡ ಹೋದ ದಿನ ಇವತ್ತು, ಅವರಿಗೆ ಊಟ ಸಲ್ಲುವ ತನಕ ಆಕೆ ಉಣ್ಣುವುದಿಲ್ಲ, ನಿಮ್ಮ ಹಸುವಿಗೆ ಸ್ವಲ್ಪ ಕೊಡಬಹುದೇ ಎಂದು.

ಗ್ರೇಟಾ ಕೇಳಿದ್ದು ಒಂದೇ ಪ್ರಶ್ನೆ. ಹಸು ತಿಂದರೆ ಅವರು ತಿಂದ ಹಾಗೆಯಾ? ಹುಟ್ಟಿದಾಗಿನಿಂದ ನೋಡಿದ ಪದ್ಧತಿ, ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಹೌದು ಎಂದೆ. ಅವರು ಏಪ್ರನ್‌ಗೆ ಕೈ ಒರೆಸಿಕೊಂಡು ಕೊಟ್ಟಿಗೆಗೆ ಹೋಗಿ ಒಂದು ತೋಳು ತುಂಬ ಒಣಹುಲ್ಲು ತಂದರು. ಬೆಲ್ಲ ನೋಡಿ, ಹೆಚ್ಚು ಬೇಡ, ಮುದುಕಿ ಅವಳು ಎಂದರು. ಹೊಸಬರ ಕೈಯಿಂದ ತಿನ್ನುವುದಿಲ್ಲ, ಕೆಳಗಿಡಬೇಕು ಎಂದೂ ಹೇಳಿದರು.

ಎಲ್ಲರೂ ಇಳಿದರು. ಬೇಡ, ಬಿಸಿಲು ಎಂದರೂ ಇಳಿದರು. ಬೇಲಿಯ ಬಳಿ ಬಂದು ದನವನ್ನು ಸರಿಯಾಗಿ ನೋಡಿದಾಗ ಹೊಸ ತೊಡಕು. ಅದು ಎದ್ದು ನಿಂತಿತ್ತು, ಒಂದೊಂದು ಕೊಂಬೂ ಒಂದೊಂದು ತೋಳಿನಷ್ಟು ಉದ್ದ, ಎರಡು ಕಡೆಗೂ ಕೈ ಚಾಚಿದಂತೆ. ರಾಯರು ಪಿಸುಗುಟ್ಟಿದರು, ಇದು ಹೋರಿಯಲ್ಲವೇನಮ್ಮಾ, ಕೇಳು ಎಂದು. ನಾನು ಆದಷ್ಟು ಸಭ್ಯವಾದ ಇಂಗ್ಲಿಷಿನಲ್ಲಿ ಕೇಳಿದೆ. ಗ್ರೇಟಾ ಮೊದಲ ಸಲ ನಕ್ಕರು. ಈ ತಳಿಯಲ್ಲಿ ಹೆಣ್ಣಿಗೂ ಕೊಂಬು ಹೀಗೇ, ಹೆಸರು ಬೆಟ್ಟಿ, ಬೇಕಾದಷ್ಟು ಕರು ಹಾಕಿದ್ದಾಳೆ, ದ್ರಾಕ್ಷಿ ಹಿಂಡಿ ಉಳಿದ ಸಿಪ್ಪೆಯೆಂದರೆ ಪ್ರಾಣ ಎಂದರು. ನಾನು ಕನ್ನಡದಲ್ಲಿ ಹೇಳಿದೆ.

"ಹಾಗಾದರೆ ನಮ್ಮೆಲ್ಲರಿಗಿಂತ ಮುಂಚೆ ವೈನ್ ಟೇಸ್ಟಿಂಗ್ ಇವಳದೇ ಆಗಿದೆ" ಎಂದರು ರಾಯರು. ಕಮಲಮ್ಮ ಕೂಡ ನಕ್ಕರು.

ಕಮಲಮ್ಮ ಬಾಟಲಿಯ ಸೀಲು ಒಡೆದು ಕೈಗೆ ನೀರು ಹಾಕಿಕೊಂಡು ಬೇಲಿಯ ಬುಡದಲ್ಲಿ ಕೂತರು. ಹುಲ್ಲು, ಬಾಳೆಹಣ್ಣು, ಚೂರು ಬೆಲ್ಲವನ್ನು ಡಬ್ಬಿಯ ಮುಚ್ಚಳದಲ್ಲಿ ಎಲೆಯಲ್ಲಿ ಬಡಿಸುವ ಹಾಗೆ ಜೋಡಿಸಿ, ತಂತಿಯ ಕೆಳಗಿನಿಂದ ಮುಂದಕ್ಕೆ ಸರಿಸಿ, ಕೈ ಮುಗಿದರು. ರಾಯರು ಮಂತ್ರದಂತೆ ಏನೋ ಎರಡು ಸಾಲು ಹೇಳಿದರು.

ಬೆಟ್ಟಿ ನೋಡಿದಳು. ಬರಲಿಲ್ಲ.

ಕಾದೆವು. ಬಸ್ಸಿನ ಎಂಜಿನ್ ಸದ್ದಿಗೆ ಹೆದರಿದ್ದಾಳೇನೋ ಎಂದುಕೊಂಡೆ. ಎಸಿ ಆರದಿರಲಿ ಎಂದು ರಾಮಿರೊ ಅದನ್ನು ಯಾವ ಬೇಸಿಗೆಯಲ್ಲೂ ಆರಿಸಿದವನಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಎಂಜಿನ್ ನಿಂತಿತ್ತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ.

ಆದರೂ ಬರಲಿಲ್ಲ. ಅಷ್ಟು ಜನ ಹಿರಿಯರು, ಸೀರೆ, ಪಂಚೆ, ಸ್ನೀಕರ್ಸು, ಎಲ್ಲರ ಕಣ್ಣೂ ಆ ಒಂದು ದನದ ಮೇಲೆ. ಗಂಗಕ್ಕ ಹಲಾ ಹಲಾ ಎಂದು ಕರೆದರು. ಯಾರೋ ನಾಲಿಗೆ ಲೊಚಗುಟ್ಟಿದರು. ಗ್ರೇಟಾ ಹೆಸರು ಹಿಡಿದು ಕರೆದರು. ಅದು ಬಾಲ ಬೀಸಿ ಮರದ ನೆರಳಿನಲ್ಲೇ ನಿಂತಿತು. ಕಾಗೆ ಪಿಂಡ ಮುಟ್ಟದಿದ್ದರೆ ಮನೆಯವರ ಮುಖ ಹೇಗಾಗುತ್ತದೆಂದು ನೋಡಿದವರಿಗೆ ಗೊತ್ತು. ಹಿಂದೆ ಯಾರೋ, ಅವರಿಗೆ ಏನು ಆಸೆ ಉಳಿದಿತ್ತೋ, ಎಂದರು. ಇನ್ನು ಸ್ವಲ್ಪ ಹೊತ್ತಾದರೆ ಎಲ್ಲರನ್ನೂ ಮೆಲ್ಲಗೆ ಒಳಗೆ ಕರೆದೊಯ್ಯಬೇಕು, ಕಮಲಮ್ಮನನ್ನು ಹೇಗೆ ಎಬ್ಬಿಸುವುದು ಎಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವರೇ ನನ್ನ ಕಡೆ ತಿರುಗಿದರು.

"ಶೈಲಾ, ಎಲ್ಲರಿಗೂ ಸ್ವಲ್ಪ ಆ ಕಡೆ ತಿರುಗಿ ನಿಲ್ಲೋಕೆ ಹೇಳ್ತೀರಾ? ಅವರು ವಾರಾನ್ನದ ಹುಡುಗ. ಎಷ್ಟು ತಿಂತಾನೆ ಅಂತ ಯಾರಾದರೂ ನೋಡ್ತಾ ನಿಂತರೆ ಗಂಟಲಲ್ಲಿ ಇಳೀತಿರಲಿಲ್ಲ. ನಾನೂ ಬಡಿಸಿ ಅಡುಗೆಮನೆಗೆ ಹೋಗಿಬಿಡ್ತಿದ್ದೆ."

ಎಷ್ಟೋ ವರ್ಷ ಬಲಗಡೆ ನೋಡಿ, ಎಡಗಡೆ ನೋಡಿ ಎಂದು ಹೇಳುವುದೇ ನನ್ನ ಕಸುಬಾಗಿತ್ತು. ನೋಡಬೇಡಿ ಎಂದು ಹೇಳಿದ್ದು ಅದೊಂದೇ ಸಲ. ಮೈಕಿರಲಿಲ್ಲ. ದನಿ ಇಳಿಸಿ ಹೇಳಿದೆ. ಒಬ್ಬೊಬ್ಬರಾಗಿ ಬೇಲಿಗೆ ಬೆನ್ನು ಮಾಡಿ, ದ್ರಾಕ್ಷಿ ಸಾಲುಗಳ ಕಡೆ ಮುಖ ಮಾಡಿ ನಿಂತರು. ರಾಯರು ಫೋನನ್ನು ಜೇಬಿಗೆ ಹಾಕಿದರು. ಗ್ರೇಟಾ ನನ್ನನ್ನು ನೋಡಿದರು, ನಾನು ಮೂರು ಮಾತಿನಲ್ಲಿ ಹೇಳಿದೆ, ಅವರೂ ತಿರುಗಿದರು. ರಾಮಿರೊ ಬಸ್ಸಿನ ಕಡೆ ತಿರುಗಿದ. ಕೊನೆಗೆ ಕಮಲಮ್ಮ ಎದ್ದು, ತಿರುಗಿ, ನನ್ನ ಪಕ್ಕ ಬಂದು ನಿಂತರು.

ನಮ್ಮ ಮುಂದೆ ಬಿಸಿಲು, ಬಳ್ಳಿ, ಕೊಯ್ಯದೆ ಉಳಿದ ಕಪ್ಪು ಗೊಂಚಲು. ಯಾರೋ ಕೆಮ್ಮು ತಡೆದುಕೊಂಡರು. ಒಣಹುಲ್ಲಿನ ಸದ್ದು ಕೇಳಿಸಿತು. ಆಮೇಲೆ ಸ್ಟೀಲ್ ಮುಚ್ಚಳ ಕಲ್ಲಿಗೆ ತಾಗಿದ ಸಣ್ಣ ಸದ್ದು, ಆಮೇಲೆ ಅಗಿಯುವುದು, ನಿಧಾನವಾಗಿ. ಕಮಲಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದರು, ಅಡುಗೆಮನೆಯ ಗೋಡೆಯ ಈಚೆಯಿಂದ ಕೇಳುವ ಹಾಗೆ. ಇನ್ನೇನು ಬೇಕಾದೀತು ಎಂದು ಬಡಿಸುವವರು ಕಾಯುತ್ತಾರಲ್ಲ, ಹಾಗೆ. ಗಂಗಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು. ಸದ್ದು ನಿಲ್ಲುವವರೆಗೆ ಯಾರೂ ತಿರುಗಲಿಲ್ಲ.

ಮುಚ್ಚಳ ಖಾಲಿಯಾಗಿತ್ತು, ನೆಕ್ಕಿದ ಗುರುತು ಬಿಸಿಲಿಗೆ ಹೊಳೆಯುತ್ತಿತ್ತು. ಬೆಟ್ಟಿ ಆಗಲೇ ಮರದ ಕೆಳಗೆ ಹೊರಟಿದ್ದಳು.

ಕಮಲಮ್ಮ ಅಲ್ಲೇ ನಿಂತು ಮಗನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿಯೇ. ಊಟ ಆಯಿತಾ ಎಂದು ಕೇಳಿದರು. ಊಟದ ಹೊತ್ತು ಮೀರಿ ಬಹಳವಾಗಿತ್ತು.

"ಇಲ್ಲಮ್ಮ. ಇಲ್ಲಿ ಎಲ್ಲರೂ ಲಂಚಿಗೆ ಹೋದ್ರು. ನಾನು ಹೋಗಲಿಲ್ಲ. ಹೋಗೋಕೆ ಮನಸ್ಸಾಗಲಿಲ್ಲ."

"ಅಪ್ಪಂದು ಆಯ್ತು ಕಣೋ. ಈಗ ನೀನು ಊಟ ಮಾಡು."

ಕುರ್ಚಿ ಹಿಂದಕ್ಕೆ ಸರಿದ ಸದ್ದು ಫೋನಿನಲ್ಲಿ ಕೇಳಿಸಿತು. ಓಕೆ ಅಮ್ಮ ಎಂದ ಪ್ರಸನ್ನ. ಹೇಗೆ, ಎಲ್ಲಿ ಎಂದು ಕೇಳಲಿಲ್ಲ.

ನಾನು ಜನರನ್ನು ಒಳಗೆ ಕಳಿಸಿದೆ. ಗ್ಲಾಸುಗಳು ಕಾಯುತ್ತಿದ್ದವು, ಬಸ್ಸು ಹೊತ್ತಿಗೆ ಸರಿಯಾಗಿ ಹೊರಡಬೇಕಿತ್ತು. ಕಮಲಮ್ಮ ಬಸ್ಸಿನ ಮೆಟ್ಟಿಲ ನೆರಳಿನಲ್ಲಿ ಕೂತರು. ಬೆಳಿಗ್ಗೆಯ ಕಾಫಿ ಏನಾದರೂ ಉಳಿದಿದೆಯಾ ಎಂದು ಕೇಳಿದರು. ಫ್ಲಾಸ್ಕು ಅಲ್ಲಾಡಿಸಿ ನೋಡಿದೆ. ಒಂದು ಲೋಟಕ್ಕೆ ಆಗುವಷ್ಟಿತ್ತು, ಆದರೆ ಪೂರ್ತಿ ಆರಿಹೋಗಿತ್ತು, ಒಳಗಿನಿಂದ ಬಿಸಿ ಮಾಡಿಸಿಕೊಂಡು ಬರುತ್ತೇನೆ ಎಂದೆ.

"ಇರಲಿ ಕೊಡಿ" ಎಂದರು ಕಮಲಮ್ಮ. "ಅವರ ಊಟ ಮುಗಿಯೋ ಹೊತ್ತಿಗೆ ನನ್ನ ಕಾಫಿ ಯಾವತ್ತೂ ಆರೇ ಇರ್ತಿತ್ತು."